ಒಂದು ಘನ ಅಡಿಗೆ ಎಷ್ಟು ಕೊಡ?

ಆಲಮಟ್ಟಿ ಅಣೆಕಟ್ಟಿನ ಎತ್ತರದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೆ 524.256 ಮೀಟರ್ ಎಂಬ ಅಂಕಿಯೂ ಬರುತ್ತದೆ. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಈ ಅಂಕಿ ನನ್ನನ್ನು ಬಹಳ ದಿನ ಕಾಡಿತ್ತು. 524 ಎನ್ನಬಹುದಿತ್ತು, 524 ಕಾಲು ಎನ್ನಬಹುದಿತ್ತು. ಅಷ್ಟು ದೊಡ್ಡ ಅಣೆಕಟ್ಟಿನ ನೀರಿನ ಮಟ್ಟವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುವುದೇಕೆ? ಒಂದು ದಿನ ಕಾಗದ ತೆಗೆದುಕೊಂಡು ಅದನ್ನು 0.3048ರಿಂದ ಭಾಗಿಸಿದೆ. ಬಂದ ಉತ್ತರ 1720. ಮುಂದೆ ದಶಮಾಂಶವಿಲ್ಲ, ಶೇಷವಿಲ್ಲ. ಸರಿಯಾಗಿ 1,720 ಅಡಿ.

ಅಂದರೆ ಆ ಎತ್ತರವನ್ನು ಮೊದಲು ಲೆಕ್ಕ ಹಾಕಿದ್ದು ಅಡಿಯಲ್ಲಿ. ಮೀಟರ್ ಎಂಬುದು ಆಮೇಲೆ ಹಾಕಿದ ಅಂಗಿ. ಅಂದಿನಿಂದ ನೀರಿನ ಸುದ್ದಿಯಲ್ಲಿ ವಿಚಿತ್ರವಾದ ದಶಮಾಂಶ ಕಂಡರೆ ಅದರೊಳಗೆ ಯಾವ ಹಳೆಯ ಅಳತೆ ಕೂತಿದೆ ಎಂದು ನೋಡುವುದು ನನಗೆ ರೂಢಿಯಾಗಿದೆ.

ನಮ್ಮ ದೇಶ 1956ರಲ್ಲಿ ಕಾನೂನು ಮಾಡಿ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿತು. 1958ರಿಂದ ಹಂತಹಂತವಾಗಿ ಅದು ಜಾರಿಗೆ ಬಂತು. ಊರಿಗೊಂದು ಗಾತ್ರವಿದ್ದ ಸೇರು, ಪಾವು, ಕೊಳಗ, ಬಳ್ಳಗಳು ಅಂಗಡಿಯಿಂದ ಹೊರಟುಹೋದವು. ಹಾಲು, ಎಣ್ಣೆ, ಸೀಮೆಎಣ್ಣೆ ಎಲ್ಲವೂ ಲೀಟರಿಗೆ ಬಂದವು. ಆದರೆ ಈ ಬದಲಾವಣೆ ಅಣೆಕಟ್ಟಿನ ಬಾಗಿಲಲ್ಲಿ ನಿಂತಿತು. ಹಾಲಿನವನ ಸೇರು ಹೋಯಿತು, ಎಂಜಿನಿಯರರ ಅಡಿ ಉಳಿಯಿತು. ಕೆಆರ್‌ಎಸ್‌ನ ನೀರನ್ನು ಇಂದಿಗೂ ಟಿಎಂಸಿಯಲ್ಲಿ ಎಣಿಸುತ್ತೇವೆ, ನಲ್ಲಿಯ ನೀರಿಗೆ ಲೀಟರಿನಲ್ಲಿ ದುಡ್ಡು ಕೊಡುತ್ತೇವೆ. ಎರಡೂ ಒಂದೇ ನೀರು ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬೀಳಬೇಕೆಂಬುದು ನನ್ನ ಆಸೆ. ನೀರಿನ ಬಗ್ಗೆ ಇಷ್ಟು ಜಗಳವಾಡುವ ನಾವು ಯಾವುದಕ್ಕಾಗಿ ಜಗಳವಾಡುತ್ತಿದ್ದೇವೆ, ಅದು ಎಷ್ಟು ಎಂದು ಕೈಬೆರಳಲ್ಲಿ ಲೆಕ್ಕ ಹಾಕಲು ಬರಬೇಕು.

ಎಲ್ಲಕ್ಕೂ ಬೀಗದ ಕೈ ಒಂದು ಘನ ಅಡಿ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಅಡಿ ಇರುವ ಪೆಟ್ಟಿಗೆಯನ್ನು ನೆನೆಸಿಕೊಳ್ಳಿ. ಒಂದು ಅಡಿ ಎಂದರೆ 30.48 ಸೆಂಟಿಮೀಟರ್. ಇದು ಅಂದಾಜಲ್ಲ, 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳು ಕೂತು ನಿಗದಿ ಮಾಡಿದ ನಿಖರ ಅಂಕಿ. ಅದನ್ನು ಮೂರು ಸಲ ಗುಣಿಸಿದರೆ 28,317 ಘನ ಸೆಂಟಿಮೀಟರ್, ಅಂದರೆ 28.3 ಲೀಟರ್. ಮನೆಯಲ್ಲಿರುವ ಪ್ಲಾಸ್ಟಿಕ್ ಕೊಡ ಸುಮಾರು ಹದಿನೈದು ಲೀಟರ್ ಹಿಡಿಯುತ್ತದೆ. ಹಾಗಾಗಿ ಒಂದು ಘನ ಅಡಿ ಎಂದರೆ ಎರಡು ಕೊಡಕ್ಕೆ ತುಸು ಕಡಿಮೆ. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಇದರಿಂದಲೇ ಹುಟ್ಟುತ್ತದೆ.

ಟಿಎಂಸಿ ಎಂದರೆ ಥೌಸಂಡ್ ಮಿಲಿಯನ್ ಕ್ಯೂಬಿಕ್ ಅಡಿ. ಸಾವಿರ ಮಿಲಿಯನ್ ಎಂದು ಸುತ್ತಿ ಬಳಸಿ ಹೇಳುವುದಕ್ಕೆ ಕಾರಣವಿದೆ. ಬ್ರಿಟಿಷರ ಹಳೆಯ ಬಿಲಿಯನ್‌ಗೆ ಹನ್ನೆರಡು ಸೊನ್ನೆ, ಅಮೆರಿಕದ್ದಕ್ಕೆ ಒಂಬತ್ತು. ಬ್ರಿಟನ್ ಸರ್ಕಾರ 1974ರಲ್ಲಿ ಒಂಬತ್ತಕ್ಕೆ ಒಪ್ಪಿತು. ಅಲ್ಲಿಯವರೆಗೆ ಗೊಂದಲ ಬೇಡವೆನ್ನುವವರು ಸಾವಿರ ಮಿಲಿಯನ್ ಎಂದೇ ಬರೆಯಬೇಕಿತ್ತು. ನಮಗೆ ಆ ಕಷ್ಟವೇ ಇಲ್ಲ, ಅದು ಬರೀ ನೂರು ಕೋಟಿ. ನೂರು ಕೋಟಿ ಘನ ಅಡಿ ಎಂದರೆ ಹೆಚ್ಚುಕಡಿಮೆ ನೂರ ತೊಂಬತ್ತು ಕೋಟಿ ಕೊಡ. ಲೀಟರಿನಲ್ಲಿ 2,832 ಕೋಟಿ. ಕೊಡದ ಲೆಕ್ಕ ಬೇಡ, ಹೊಲದ ಲೆಕ್ಕ ಹೇಳಿ ಎನ್ನುವವರಿಗೆ: ಒಂದು ಟಿಎಂಸಿ ನೀರನ್ನು ಹರಡಿದರೆ 22,957 ಎಕರೆಯಲ್ಲಿ ಒಂದು ಅಡಿ ನಿಲ್ಲುತ್ತದೆ. ಭತ್ತದ ಒಂದು ಬೆಳೆಗೆ ನಾಟಿಯಿಂದ ಕೊಯ್ಲಿನವರೆಗೆ ನಾಲ್ಕು ಅಡಿ ನೀರು ಎಂದು ಹಿಡಿದರೆ ಸುಮಾರು 5,700 ಎಕರೆ ಬೆಳೆಯಬಹುದು. ನಾಲೆಯಲ್ಲಿ ಇಂಗಿ ಹೋಗುವುದು ಇದರಲ್ಲಿ ಸೇರಿಲ್ಲ.

ಇನ್ನು ಕ್ಯುಸೆಕ್. ಓದುಗರು ಅತಿ ಹೆಚ್ಚು ಎಡವುವುದು ಇಲ್ಲಿ. ಕ್ಯುಸೆಕ್ ನೀರಿನ ಪ್ರಮಾಣವಲ್ಲ, ಹರಿವಿನ ವೇಗ. ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಒಂದು ಸೆಕೆಂಡಿಗೆ ಎರಡು ಕೊಡ. ‘ತಮಿಳುನಾಡಿಗೆ 5,000 ಕ್ಯುಸೆಕ್ ನೀರು’ ಎಂಬ ತಲೆಬರಹ ಅರ್ಧ ವಾಕ್ಯ ಮಾತ್ರ. ಎಷ್ಟು ದಿನ ಎಂದು ಹೇಳದಿದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಬಸ್ಸು ಗಂಟೆಗೆ ಅರವತ್ತು ಕಿಲೋಮೀಟರ್ ಹೋಯಿತು’ ಎಂದರೆ ಎಲ್ಲಿಗೆ ಮುಟ್ಟಿತು ಎಂದು ತಿಳಿಯುತ್ತದೆಯೇ? ಇದೂ ಹಾಗೆಯೇ.

ದಿನಕ್ಕೆ 86,400 ಸೆಕೆಂಡು. ನೂರು ಕೋಟಿಯನ್ನು ಅದರಿಂದ ಭಾಗಿಸಿದರೆ 11,574. ಅಷ್ಟು ಕ್ಯುಸೆಕ್ ಒಂದಿಡೀ ದಿನ ಹರಿದರೆ ಒಂದು ಟಿಎಂಸಿ. ಬಾಯಿಲೆಕ್ಕಕ್ಕೆ ಹನ್ನೊಂದೂವರೆ ಸಾವಿರ ಸಾಕು. ಸುದ್ದಿಯಲ್ಲಿ ಬಂದ ಕ್ಯುಸೆಕ್ಕನ್ನು ದಿನಗಳಿಂದ ಗುಣಿಸಿ, ಹನ್ನೊಂದೂವರೆ ಸಾವಿರದಿಂದ ಭಾಗಿಸಿ. ಇದೊಂದು ಲೆಕ್ಕ ಕಲಿತರೆ ಸುದ್ದಿ ಓದುವ ರೀತಿಯೇ ಬದಲಾಗುತ್ತದೆ.

ಒಂದು ಉದಾಹರಣೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ ತಮಿಳುನಾಡಿಗೆ 15,000 ಕ್ಯುಸೆಕ್ ಕಾವೇರಿ ನೀರು ಬಿಡಲು ಕರ್ನಾಟಕಕ್ಕೆ ಆದೇಶಿಸಿತು. ಲೆಕ್ಕ ಹಾಕಿದರೆ 13 ಟಿಎಂಸಿ. ಸೆಪ್ಟೆಂಬರ್ 12ರಂದು ಆದೇಶ ಬದಲಾಯಿತು: 15,000 ಬದಲು 12,000 ಕ್ಯುಸೆಕ್, ಆದರೆ 20ನೇ ತಾರೀಖಿನವರೆಗೆ. ಅಂಕಿ ಇಳಿಯಿತಲ್ಲ, ಹೊರೆ ಹಗುರಾಯಿತು ಎಂದು ಮೇಲ್ನೋಟಕ್ಕೆ ತೋರುತ್ತದೆ. ಏಳರಿಂದ ಹನ್ನೆರಡರವರೆಗಿನ ಆರು ದಿನ 15,000, ಆಮೇಲಿನ ಎಂಟು ದಿನ 12,000 ಎಂದು ಹಿಡಿದು ಕೂಡಿಸಿ. 1,86,000 ಬರುತ್ತದೆ. ಭಾಗಿಸಿದರೆ 16 ಟಿಎಂಸಿ. ಕ್ಯುಸೆಕ್ ಕಡಿಮೆಯಾಯಿತು, ನೀರು ಹೆಚ್ಚಾಯಿತು. ಆದೇಶ ಬದಲಾದ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಉರಿದವು. ಬೀದಿಯಲ್ಲಿದ್ದವರಲ್ಲಿ ಎಷ್ಟು ಜನ ಈ ಲೆಕ್ಕ ಮಾಡಿದ್ದರು ಎಂದು ನೆನೆದರೆ ಸಂಕಟವಾಗುತ್ತದೆ. ಮಾಡಿದ್ದರೆ ಉರಿ ಕಡಿಮೆಯಾಗುತ್ತಿತ್ತೆಂದು ಹೇಳಲಾರೆ. ಆದರೆ ತಕರಾರು ಯಾವುದರ ಮೇಲೆ ಎಂಬುದಾದರೂ ಸ್ಪಷ್ಟವಿರುತ್ತಿತ್ತು.

ಲೆಕ್ಕ ಎರಡೂ ಕಡೆ ಕೊಯ್ಯುತ್ತದೆ ಎಂಬುದನ್ನೂ ಹೇಳಬೇಕು. 2023ರ ಆಗಸ್ಟ್ ಕೊನೆಯಲ್ಲಿ ಹದಿನೈದು ದಿನ 5,000 ಕ್ಯುಸೆಕ್ ಬಿಡಬೇಕೆಂಬ ಆದೇಶ ಬಂತು. ಅದು ಆರೂವರೆ ಟಿಎಂಸಿ, ಕೆಆರ್‌ಎಸ್ ತುಂಬಿದಾಗ ಹಿಡಿಯುವ 49.45 ಟಿಎಂಸಿಯಲ್ಲಿ ಎಂಟನೇ ಒಂದು ಪಾಲು. ಮಳೆ ಕೈಕೊಟ್ಟ ವರ್ಷದಲ್ಲಿ ಮಂಡ್ಯದ ರೈತನ ಎದೆ ಬಡಿದುಕೊಳ್ಳಲು ಅಷ್ಟು ಸಾಕು. ಇತ್ತ ಸುಪ್ರೀಂ ಕೋರ್ಟಿನ 2018ರ ಕಾವೇರಿ ತೀರ್ಪಿನಂತೆ ವಾಡಿಕೆ ಮಳೆಯ ವರ್ಷದಲ್ಲಿ ಆಗಸ್ಟ್ ಒಂದೇ ತಿಂಗಳಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ್ದು 45.95 ಟಿಎಂಸಿ, ಸರಾಸರಿ 17,000 ಕ್ಯುಸೆಕ್. ಆ ಅಂಕಿಯ ಪಕ್ಕದಲ್ಲಿಟ್ಟರೆ 5,000 ಮೂರನೇ ಒಂದು ಭಾಗಕ್ಕಿಂತ ಕಡಿಮೆ. ತಂಜಾವೂರಿನ ರೈತ ನೋಡುವುದು ಈ ಅಂಕಿಯನ್ನು. ಇಬ್ಬರ ಲೆಕ್ಕವೂ ಸರಿಯೇ ಇದೆ. ಜಗಳ ಇರುವುದು ಮಳೆ ಬಾರದ ವರ್ಷ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದರಲ್ಲಿ. 5,000 ಕ್ಯುಸೆಕ್ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದು: 12,000 ಲೀಟರಿನ ದೊಡ್ಡ ಟ್ಯಾಂಕರುಗಳು ಸೆಕೆಂಡಿಗೆ ಹನ್ನೆರಡರಂತೆ ಹಗಲೂ ರಾತ್ರಿ ಗಡಿ ದಾಟುತ್ತಿವೆ ಎಂದುಕೊಳ್ಳಿ.

ಪತ್ರಿಕೆಯ ಮೂಲೆಯಲ್ಲಿ ಬರುವ ಜಲಾಶಯ ಮಟ್ಟದ ಕೋಷ್ಟಕವನ್ನೂ ಹೀಗೇ ಎಚ್ಚರದಿಂದ ಓದಬೇಕು. ಕೆಆರ್‌ಎಸ್ 124.80 ಅಡಿ, ಭದ್ರಾ 186 ಅಡಿ, ಕಬಿನಿ 2,284 ಅಡಿ, ಆಲಮಟ್ಟಿ 519.60 ಮೀಟರ್. ಒಂದೇ ಪಟ್ಟಿಯಲ್ಲಿ ನದಿಯ ತಳದಿಂದ ಅಳೆದದ್ದು, ಸಮುದ್ರ ಮಟ್ಟದಿಂದ ಅಳೆದದ್ದು, ಅಡಿ, ಮೀಟರ್ ಎಲ್ಲವೂ ಕಲಸಿಹೋಗಿವೆ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಕೆಆರ್‌ಎಸ್ ನೂರು ಅಡಿಗೆ ಇಳಿದರೆ ಐದರಲ್ಲಿ ಒಂದು ಪಾಲು ಮಾತ್ರ ಖಾಲಿಯಾಗಿದೆ ಎನಿಸುತ್ತದೆ. ನಿಜವಾಗಿ ಅರ್ಧಕ್ಕಿಂತ ಹೆಚ್ಚು ನೀರು ಆಗಲೇ ಹೋಗಿರುತ್ತದೆ. ಜಲಾಶಯ ತಟ್ಟೆಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಮೇಲಿನ ಒಂದು ಅಡಿಯಲ್ಲಿರುವ ನೀರು ತಳದ ಒಂದು ಅಡಿಯಲ್ಲಿಲ್ಲ. ಅಡಿಯನ್ನು ಟಿಎಂಸಿಗೆ ಬದಲಾಯಿಸುವ ಸೂತ್ರ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಪ್ರತಿ ಅಣೆಕಟ್ಟಿಗೂ ಅದರದೇ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನೂ ಆಗಾಗ ತಿದ್ದಬೇಕು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗಿನ ಲೆಕ್ಕ 105.788. ಅಳತೆ ಬದಲಾಗಿಲ್ಲ, ಪಾತ್ರೆಯೇ ಚಿಕ್ಕದಾಗಿದೆ. 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ.

27 ಎಂದರೆ ಎಷ್ಟು? ಅದಕ್ಕೆ ಬೆಂಗಳೂರಿನ ಲೆಕ್ಕಕ್ಕೆ ಬರಬೇಕು. ಜಲಮಂಡಳಿ ಮಾತಾಡುವುದು ಎಂಎಲ್‌ಡಿಯಲ್ಲಿ, ದಿನಕ್ಕೆ ಇಷ್ಟು ದಶಲಕ್ಷ ಲೀಟರ್ ಎಂದು. ಅಣೆಕಟ್ಟಿನಲ್ಲಿ ಅಡಿಯಲ್ಲಿದ್ದ ನೀರು ಪೈಪಿಗೆ ಬಂದ ಕೂಡಲೇ ಮೆಟ್ರಿಕ್ ಆಗುತ್ತದೆ. ಕಾವೇರಿ ನೀರು ಯೋಜನೆಯ ಮೊದಲ ನಾಲ್ಕು ಹಂತಗಳಿಂದ ಸುಮಾರು 1,450 ಎಂಎಲ್‌ಡಿ ಬರುತ್ತಿತ್ತು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತದಿಂದ ಇನ್ನೂ 775. ಇಲ್ಲಿಯೂ ನನ್ನ ಹಳೆಯ ಪ್ರಶ್ನೆ ಎದ್ದಿತು. 750 ಅಲ್ಲ, 800 ಅಲ್ಲ, 775 ಯಾಕೆ? 775ನ್ನು 365ರಿಂದ ಗುಣಿಸಿದರೆ ವರ್ಷಕ್ಕೆ 2,82,875 ದಶಲಕ್ಷ ಲೀಟರ್. ಒಂದು ಟಿಎಂಸಿ 28,317 ದಶಲಕ್ಷ ಲೀಟರ್. ಭಾಗಿಸಿದರೆ 9.99. ಈ ಹಂತಕ್ಕೆ ಮೀಸಲಿಟ್ಟದ್ದು ಹತ್ತು ಟಿಎಂಸಿ. ಮೊದಲು ನಿರ್ಧಾರವಾದದ್ದು ಹತ್ತು ಎಂಬ ದುಂಡು ಸಂಖ್ಯೆ, ಲೀಟರಿಗೆ ಬದಲಾದಾಗ ಅದು 775 ಆಯಿತು. ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗೆ ಇಷ್ಟು ನೀರು ಬೇಕು ಎಂಬ ಅಂದಾಜಿನಿಂದ ಆ ಅಂಕಿ ಬಂತೆಂದು ಓದುಗ ತಿಳಿಯಬಹುದು. ಲೆಕ್ಕ ಹೇಳುವುದು ಬೇರೆ: ನದಿಯಲ್ಲಿ ನಮಗೆ ಸಿಕ್ಕ ಪಾಲು ಎಷ್ಟೋ ಅಷ್ಟೇ ಪೈಪಿನಲ್ಲಿ ಬಂದಿದೆ.

ಎಲ್ಲ ಹಂತ ಸೇರಿ 2,225 ಎಂಎಲ್‌ಡಿ, ವರ್ಷಕ್ಕೆ 28.7 ಟಿಎಂಸಿ. ಒಂದು ಟಿಎಂಸಿ ಇಡೀ ಬೆಂಗಳೂರಿಗೆ ಹನ್ನೆರಡೂಮುಕ್ಕಾಲು ದಿನಕ್ಕೆ ಸಾಕು. ಈಗ ತುಂಗಭದ್ರೆಯ ಹೂಳನ್ನು ಮತ್ತೆ ನೆನೆಯಿರಿ. ಬೆಂಗಳೂರು ಹೆಚ್ಚುಕಡಿಮೆ ಒಂದು ವರ್ಷ ಕುಡಿದು, ತೊಳೆದು ಮುಗಿಸುವಷ್ಟು ನೀರಿನ ಜಾಗವನ್ನು ಅದು ನುಂಗಿದೆ. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಅದೊಂದೇ ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ನುಗ್ಗುತ್ತಿತ್ತು. ದಿನಕ್ಕೆ ಮೂರು ಟಿಎಂಸಿ. ರಾಜಧಾನಿಯ ಮೂವತ್ತೆಂಟು ದಿನದ ನೀರು ಒಂದು ಹಗಲು ಒಂದು ರಾತ್ರಿಯಲ್ಲಿ. ತುಂಬಿದ ಅಣೆಕಟ್ಟಿನ ಕೆಳಗೆ ಕಾದಿದ್ದ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರ ಹೊಟ್ಟೆಯಲ್ಲಿ ಏನಾಗಿರಬೇಕು ಎಂಬುದು ಈ ಅಂಕಿಯಿಂದ ಸ್ವಲ್ಪ ತಿಳಿಯುತ್ತದೆ.

ಗ್ಯಾಲನ್ ಬಗ್ಗೆ ಒಂದೇ ಎಚ್ಚರಿಕೆ. ನಮ್ಮ ಹಳೆಯ ಪಂಪು, ಬೋರ್‌ವೆಲ್ ದಾಖಲೆಗಳಲ್ಲಿರುವುದು ಬ್ರಿಟಿಷರ ಗ್ಯಾಲನ್, 4.546 ಲೀಟರ್. 1824ರಲ್ಲಿ ಹತ್ತು ಪೌಂಡು ನೀರು ಹಿಡಿಯುವ ಅಳತೆ ಎಂದು ಅದನ್ನು ನಿಗದಿ ಮಾಡಿದರು. ಅಮೆರಿಕದ ಗ್ಯಾಲನ್ 231 ಘನ ಇಂಚು, 3.785 ಲೀಟರ್. ಮೊಬೈಲಿನಲ್ಲಿ ಸುಮ್ಮನೆ ಗ್ಯಾಲನ್ ಎಂದು ಕೇಳಿದರೆ ಹಲವು ಸಲ ಸಿಗುವುದು ಅಮೆರಿಕದ್ದು. ಆರು ಲೀಟರಿಗೆ ಒಂದು ಲೀಟರ್ ತಪ್ಪಿಹೋಗುತ್ತದೆ. ಕಚ್ಚಾ ತೈಲದ ಬ್ಯಾರೆಲ್ಲು ಮಾತ್ರ ಅಮೆರಿಕದ ನಲವತ್ತೆರಡು ಗ್ಯಾಲನ್, 159 ಲೀಟರ್.

ಇನ್ನು ಆಕಾಶದಿಂದ ಬೀಳುವ ನೀರಿಗೆ ಬರುತ್ತೇನೆ. ಮಳೆಯನ್ನು ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಮೆಟ್ರಿಕ್ ಪದ್ಧತಿಯ ಚೆಲುವು ಕಾಣುವುದು ಇಲ್ಲಿ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್. ತೊಡಕು ಏನೆಂದರೆ ನಮ್ಮ ಸೈಟು, ತಾರಸಿ ಎಲ್ಲ ಚದರ ಅಡಿಯಲ್ಲಿವೆ. ಅದಕ್ಕೂ ಸುಲಭ ದಾರಿಯಿದೆ. ತಾರಸಿಯ ಚದರ ಅಡಿಯನ್ನು ಮಳೆಯ ಮಿಲಿಮೀಟರಿನಿಂದ ಗುಣಿಸಿ ಹನ್ನೊಂದರಿಂದ ಭಾಗಿಸಿ. ಲೀಟರ್ ಬರುತ್ತದೆ. ಸಾವಿರ ಚದರ ಅಡಿ ತಾರಸಿಯ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ ಒಂಬೈನೂರು ಲೀಟರಿಗೂ ಹೆಚ್ಚು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 950 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಆ ಒಂದು ತಾರಸಿಯ ಮೇಲೆ ವರ್ಷಕ್ಕೆ ಬೀಳುವುದು ಎಂಬತ್ತೈದು ಸಾವಿರ ಲೀಟರಿಗೂ ಮೇಲೆ, ಏಳು ದೊಡ್ಡ ಟ್ಯಾಂಕರು. ಎಲ್ಲವನ್ನೂ ಹಿಡಿಯಲಾಗದು, ನಿಜ. ಮಳೆನೀರು ಸಂಗ್ರಹವನ್ನು ಬೆಂಗಳೂರಿನಲ್ಲಿ 2009ರಲ್ಲೇ ಕಡ್ಡಾಯ ಮಾಡಿದರು. ಆದರೂ ಬೇಸಿಗೆಯಲ್ಲಿ ಟ್ಯಾಂಕರಿನ ಹಿಂದೆ ಓಡುವ ನಾವು ನಮ್ಮ ತಲೆಯ ಮೇಲೆ ಎಷ್ಟು ಬಿತ್ತೆಂದು ಒಮ್ಮೆಯೂ ಗುಣಿಸಿ ನೋಡುವುದಿಲ್ಲ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಇಂದಿಗೂ ಮಿಲಿಮೀಟರ್ ಒಳಗೆ ಬಂದಿಲ್ಲ. ಅಲ್ಲಿ ಮಳೆ ಇಂಚಿನಲ್ಲಿ, ಚಿಲ್ಲರೆ ಮಳೆ ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟ್. ಇದು ಜಮೀನಿನ ಸೆಂಟ್ ಅಲ್ಲ. ಬೇಸಿಗೆಯಲ್ಲಿ ಹೂಮಳೆ ಬಂದ ಮರುದಿನ ಬೆಳೆಗಾರರು ಫೋನಿನಲ್ಲಿ ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟು ಸೆಂಟ್ಸ್?’ ಎಂದು. ಎಂಬತ್ತು ಎಂದರೆ 20 ಮಿಲಿಮೀಟರ್. ಈ ಭಾಷೆಯನ್ನು ಬಿಡಿಸಬೇಕೆಂದು ನನಗೆ ಅನಿಸುವುದಿಲ್ಲ. ತಲೆಮಾರುಗಳ ಮಳೆ ಪುಸ್ತಕಗಳು ಅದರಲ್ಲಿವೆ. ಅಜ್ಜ ಬರೆದಿಟ್ಟ ಅಂಕಿಯ ಕೆಳಗೆ ಮೊಮ್ಮಗ ತನ್ನದನ್ನು ಬರೆಯುತ್ತಾನೆ, ಎರಡನ್ನೂ ಹೋಲಿಸಬಹುದು. ಅಷ್ಟೇ ಅಲ್ಲ, ಎಕರೆಗೆ ಇಂಚು ಚೆನ್ನಾಗಿ ಹೊಂದುತ್ತದೆ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಎಂದರೆ 3,630 ಘನ ಅಡಿ, ಲೀಟರಿನಲ್ಲಿ ಒಂದು ಲಕ್ಷದ ಎರಡು ಸಾವಿರದ ಏಳುನೂರು ಚಿಲ್ಲರೆ. ಎಕರೆಗೆ ಇಂಚು, ಲೀಟರಿಗೆ ಲಕ್ಷ. ಮರೆಯುವುದೇ ಕಷ್ಟ.

ಬಯಲುಸೀಮೆಯಲ್ಲಿ ಇಂಚು ಎಂದರೆ ಬೇರೆ ಅರ್ಥ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಲ್ಲಿ ರಿಗ್ ಲಾರಿ ಬಂದು ಬೋರು ಕೊರೆದ ರಾತ್ರಿ ಊರೆಲ್ಲ ಕೇಳುವುದು ‘ಎಷ್ಟು ಇಂಚು ಬಿತ್ತು?’ ಎಂದು. ಈ ಇಂಚು ಪೈಪಿನ ಅಗಲವೆಂದು ಹಲವರು ತಿಳಿದಿದ್ದಾರೆ, ಕೆಲವರು ಕಣ್ಣಳತೆಯಲ್ಲೇ ಹೇಳುತ್ತಾರೆ. ಸರಿಯಾಗಿ ಅಳೆಯುವವರು ‘ವಿ’ ಆಕಾರದಲ್ಲಿ ಲಂಬಕೋನದ ಕಚ್ಚು ಕತ್ತರಿಸಿದ ತಗಡನ್ನು ಹರಿಯುವ ನೀರಿಗೆ ಅಡ್ಡ ನಿಲ್ಲಿಸುತ್ತಾರೆ. ಆ ಕಚ್ಚಿನಲ್ಲಿ ನೀರು ಎಷ್ಟು ಇಂಚು ಎತ್ತರಕ್ಕೆ ಏರಿತೋ ಅದೇ ಬೋರಿನ ಇಂಚು. ಕಚ್ಚು ಮೇಲೆ ಹೋದಂತೆ ಅಗಲವಾಗುತ್ತದೆ, ನೀರಿನ ವೇಗವೂ ಹೆಚ್ಚುತ್ತದೆ. ಹಾಗಾಗಿ ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರ್ ಬಂದರೆ ಎರಡಿಂಚಿಗೆ ಬರುವುದು 1,000 ಅಲ್ಲ, 2,900ರ ಹತ್ತಿರ. ಮೂರಿಂಚಿಗೆ 8,000. ‘ಪಕ್ಕದವನಿಗೆ ಎರಡಿಂಚು, ನನಗೆ ಒಂದೇ ಇಂಚು, ಅವನ ಅರ್ಧ ತೋಟವನ್ನಾದರೂ ಮಾಡಬಹುದು’ ಎಂದು ಸಾಲ ಮಾಡಿ ದಾಳಿಂಬೆ ಸಸಿ ನೆಟ್ಟವನಿಗೆ ಸಿಗುವುದು ಅರ್ಧವಲ್ಲ, ಆರರಲ್ಲಿ ಒಂದು ಪಾಲಿಗೆ ಹತ್ತಿರ. ಅಳತೆಯ ಹೆಸರನ್ನು ತಪ್ಪು ತಿಳಿದದ್ದಕ್ಕೆ ಇಷ್ಟು ದೊಡ್ಡ ದಂಡ ತೆರಬೇಕಾದ ಜಾಗ ಇನ್ನೊಂದನ್ನು ನಾನು ಕಂಡಿಲ್ಲ. ಸಂಶಯವಿದ್ದರೆ ಇನ್ನೂರು ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿ. ನಾಲ್ಕು ನಿಮಿಷ ಚಿಲ್ಲರೆಯಲ್ಲಿ ತುಂಬಿದರೆ ಎರಡಿಂಚು, ಇಪ್ಪತ್ಮೂರು ನಿಮಿಷ ಹಿಡಿದರೆ ಒಂದಿಂಚು.

ಕಾಫಿ ತೋಟದ ಇಂಚನ್ನೂ ಬೋರಿನ ಇಂಚನ್ನೂ ಒಂದೇ ಹೊಲದಲ್ಲಿ ಜೊತೆಗಿಟ್ಟು ನೋಡೋಣ. ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟು ತಪ್ಪದೆ ಬಂದರೆ ಎರಡಿಂಚಿನ ಬೋರು ಎತ್ತುವುದು ದಿನಕ್ಕೆ ಇಪ್ಪತ್ತು ಸಾವಿರ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಅದಕ್ಕೆ ಐದು ದಿನ ಬೇಕು. ಒಂದಿಂಚಿನ ಬೋರಿಗೆ ಒಂದು ತಿಂಗಳು. ಭರಣಿ ಮಳೆ ಒಂದು ಸಂಜೆ ಚೆನ್ನಾಗಿ ಹೊಡೆದರೆ ಅಷ್ಟೇ ನೀರನ್ನು ಮುಕ್ಕಾಲು ಗಂಟೆಯಲ್ಲಿ ಸುರಿದು ಹೋಗುತ್ತದೆ, ಬದು ಇಲ್ಲದ ಹೊಲದಿಂದ ಅದರಲ್ಲಿ ಬಹುಪಾಲು ಅಂದೇ ರಾತ್ರಿ ಹಳ್ಳ ಸೇರುತ್ತದೆ.